ಚರ್ಮದ ಸ್ಲಿಂಗ್ ಹಾಕಿದರೂ ರೈಫಲ್ ನಿಲ್ಲುತ್ತಿಲ್ಲ, ಬಳಸಿದವರು ಹೇಳಿ

ಪ್ರಶ್ನೆ: ಊರು ಹಾಸನದ ಕಡೆ, ಈಗ ಇರುವುದು ಅಮೆರಿಕದ ಓಹಾಯೋದಲ್ಲಿ. ಹೋದ ವರ್ಷ ಹಳೇ ಎಂ1 ಗ್ಯಾರಂಡ್ ರೈಫಲ್ ಕೊಂಡೆ, ಜೊತೆಗೆ 1907ರ ಮಾದರಿಯ ಚರ್ಮದ ಸ್ಲಿಂಗ್, ಅಂದರೆ ಹೊಡೆಯುವಾಗ ರೈಫಲ್ ಅಲುಗದಂತೆ ರಟ್ಟೆಗೆ ಬಿಗಿಯುವ ಪಟ್ಟಿ. ಮಲಗಿಕೊಂಡು 200 ಗಜಕ್ಕೆ ಹೊಡೆಯುತ್ತೇನೆ. ಸ್ಲಿಂಗ್ ಬಿಗಿದರೂ ಫ್ರಂಟ್ ಸೈಟ್ (ಗುರಿ ನೋಡುವ ಮುಂದಿನ ಮೊನೆ) ಕುಣಿಯುತ್ತದೆ. ಹತ್ತು ನಿಮಿಷಕ್ಕೆ ಎಡಗೈ ಜೋಮು ಹಿಡಿಯುತ್ತದೆ. ಬೇಸಿಗೆಯಲ್ಲಿ ಇಲ್ಲೇ ಓಹಾಯೋದ ಕ್ಯಾಂಪ್ ಪೆರಿಯಲ್ಲಿ ನಡೆಯುವ ರೈಫಲ್ ಸ್ಪರ್ಧೆಗೆ ಹೋಗುವ ಆಸೆ ಬೇರೆ.

ಟೆಕ್ಸಾಸ್‌ನಿಂದ: ಜೋಮು ಹಿಡಿಯುತ್ತದೆ ಅಂದರೆ ರಟ್ಟೆಗೆ ಹಾಕಿದ ಸ್ಲಿಂಗ್ ಕುಣಿಕೆ ಜಾರಿ ಮೊಣಕೈ ಹತ್ತಿರ ಬಂದಿದೆ ಅಂತ ನನ್ನ ಅನುಮಾನ. ನನಗೂ ಮೊದಲ ವರ್ಷ ಅದೇ ಗೋಳು. ಕುಣಿಕೆ ರಟ್ಟೆಯ ಮೇಲುಗಡೆ, ಕಂಕುಳಿನ ಹತ್ತಿರ ಕೂರಬೇಕು. ಕೂರಿಸಿದ ಮೇಲೆ ಸ್ಲಿಂಗ್ ಮೇಲೆ ಸರಿಯುವ ಚರ್ಮದ ಬಳೆಯನ್ನು ಕೆಳಕ್ಕೆ ತಳ್ಳಿ ರಟ್ಟೆಗೆ ಒತ್ತಿಸಿ, ಇಲ್ಲದಿದ್ದರೆ ಜಾರುತ್ತದೆ.

ಈ ಸ್ಲಿಂಗ್‌ನಲ್ಲಿ ಒಂದು ಉದ್ದ ತುಂಡು, ಒಂದು ಗಿಡ್ಡ ತುಂಡು ಇವೆಯಲ್ಲ, ಉದ್ದದ್ದೇ ಕೈಗೆ ಹಾಕುವ ಕುಣಿಕೆ. ಬಟ್ (ಹೆಗಲಿಗೆ ಒರಗುವ ಹಿಂಭಾಗ) ಕಡೆಯ ಗಿಡ್ಡ ತುಂಡು ಸಡಿಲವಾಗಿ ಜೋತು ಬಿದ್ದಿರಲಿ. ಎಳೆತ ಏನಿದ್ದರೂ ರಟ್ಟೆಗೂ ಸ್ಲಿಂಗ್ ಸಿಕ್ಕಿಸುವ ರೈಫಲ್‌ನ ಮುಂದಿನ ಕೊಂಡಿಗೂ ನಡುವೆ ಮಾತ್ರ. ಕೈ ಹಾಕುವ ಮೊದಲು ಅರ್ಧ ಸುತ್ತು ತಿರುಗಿಸಿ, ಆಗ ಪಟ್ಟಿ ಮಣಿಕಟ್ಟಿನ ಹಿಂಬದಿಗೆ ಚಪ್ಪಟೆಯಾಗಿ ಒರಗುತ್ತದೆ. ತಿರುಗಿಸದಿದ್ದರೆ ಅಂಚು ಚರ್ಮ ಕೊರೆಯುತ್ತದೆ.

ಬಿಗಿ ಎಷ್ಟು ಅಂತ ಕೇಳುತ್ತೀರಿ. ಬಟ್ ಅನ್ನು ಹೆಗಲಿಗೆ ಇಡುವಾಗ ಬಲಗೈಯಿಂದ ಸ್ವಲ್ಪ ತಳ್ಳಿ ಕೂರಿಸಬೇಕಾಗಬೇಕು. ಸಲೀಸಾಗಿ ಹೋದರೆ ಸ್ಲಿಂಗ್ ಉದ್ದ ಜಾಸ್ತಿ. ನಾನು ಮಲಗಿದಾಗ ಹಾಕುವ ತೂತಿನ ಪಕ್ಕ ಪೆನ್ನಿನಲ್ಲಿ ಚುಕ್ಕೆ ಇಟ್ಟಿದ್ದೇನೆ. ಕೂತು ಹೊಡೆಯಲು ಅದಕ್ಕಿಂತ ಎರಡು ತೂತು ಗಿಡ್ಡ.

ಇಷ್ಟಾದ ಮೇಲೆ ಎಡಗೈ ಬೆರಳುಗಳನ್ನು ಬಿಚ್ಚಿ ನೋಡಿ. ನಾಲ್ಕು ಕೆಜಿಗೂ ಮಿಕ್ಕಿದ ರೈಫಲ್ ಅಂಗೈ ಮೇಲೆ ಸುಮ್ನೆ ಕೂತಿರಬೇಕು. ಬೆರಳು ಬಿಚ್ಚಿದ ಕೂಡಲೇ ಮೂತಿ ಇಳಿಯಿತಾ? ಹಾಗಾದರೆ ಹೊರುತ್ತಿರುವುದು ನಿಮ್ಮ ಸ್ನಾಯು, ಸ್ಲಿಂಗ್ ಅಲ್ಲ. ಜನ ಸ್ಲಿಂಗ್ ಬಿಗಿದೂ ಕೈಯಲ್ಲಿ ಹಿಡಿದೇ ಇರುತ್ತಾರೆ, ಎಲ್ಲರೂ ಮಾಡುವ ತಪ್ಪು ಅದೇ. ಆಮೇಲೆ ಕಣ್ಣು ಮುಚ್ಚಿ, ಎರಡು ಸಲ ಉಸಿರು ಬಿಟ್ಟು, ಕಣ್ಣು ತೆರೆಯಿರಿ. ಸೈಟ್ ಪಕ್ಕಕ್ಕೆ ಸರಿದಿದ್ದರೆ ರೈಫಲ್ ಎಳೆಯಬೇಡಿ. ಎಡ ಮೊಣಕೈ ಊರಿದಲ್ಲೇ ಇರಲಿ, ಸೊಂಟ ಸರಿಸಿ.

ಮೈಸೂರಿನಿಂದ: ನಾನು ಎನ್‌ಸಿಸಿಯಲ್ಲಿ ಪಾಯಿಂಟ್ ಟೂ ಟೂ (ಸಣ್ಣ ಗುಂಡಿನ ರೈಫಲ್) ಹೊಡೆದವನು, ಆಮೇಲೆ ಕ್ಲಬ್‌ನಲ್ಲಿ 50 ಮೀಟರ್. ಚರ್ಮ ಬಳಸಿದ್ದು ಕಡಿಮೆ. ಆದರೆ ಸೈಟ್ ಹೇಗೆ ಕುಣಿಯುತ್ತದೆ ಅಂತ ಮೊದಲು ನೋಡಿ ಸಾರ್. ತಾಳ ಹಾಕಿದ ಹಾಗೆ ಟಕ್ ಟಕ್ ಅಂದರೆ ಅದು ನಿಮ್ಮ ನಾಡಿ. ತಾಳ ಇಲ್ಲದೆ ತೂಗಾಡಿದರೆ ಸ್ನಾಯು. ನಾಡಿ ಅಂತಾದರೆ ರಟ್ಟೆಯ ಒಳಬದಿಯ ರಕ್ತನಾಳದ ಮೇಲೆ ಕುಣಿಕೆ ಒತ್ತುತ್ತಿದೆ. ಒತ್ತಡ ಹೊರಬದಿಗೆ ಬರುವಂತೆ ತಿರುಗಿಸಿ, ಒಳಗೆ ದಪ್ಪ ಸ್ವೆಟರ್ ಹಾಕಿ. ನಮ್ಮ ಉಸ್ತಾದ್ ಮೇ ತಿಂಗಳಲ್ಲೂ ಜೆರ್ಸಿ ಹಾಕಿಸುತ್ತಿದ್ದರು, ಬೈದುಕೊಂಡೇ ಹಾಕುತ್ತಿದ್ದೆವು. ಇನ್ನೊಂದು, ಅಂತಾರಾಷ್ಟ್ರೀಯ ನಿಯಮದ ರೈಫಲ್ ಸ್ಪರ್ಧೆಗೆ ಯಾವಾಗಲಾದರೂ ಬಂದರೆ, ಸ್ಲಿಂಗ್ 40 ಮಿಲಿಮೀಟರ್‌ಗಿಂತ ಅಗಲ ಇರುವಂತಿಲ್ಲ. ಮಲಗಿ, ಮಂಡಿಯೂರಿ ಹೊಡೆಯುವಾಗ ಸರಿ, ನಿಂತಾಗ ಬಳಸುವ ಹಾಗಿಲ್ಲ.

ಮಡಿಕೇರಿಯಿಂದ: ನಮ್ಮಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ತೆಂಗಿನಕಾಯಿಗೆ ಗುಂಡು ಹೊಡೆಯುವುದು ನಿಂತುಕೊಂಡು. ಕುಣಿಕೆಯ ಮಾತೇ ಇಲ್ಲ. ನಾನು ಹೇಳುವುದು ಚರ್ಮದ ವಿಷಯ. ಅಜ್ಜನ ಪಟ್ಟಿಯೊಂದನ್ನು ಜೂನ್‌ನಲ್ಲಿ ಬೀರುವಿನಲ್ಲಿಟ್ಟು ಮರೆತೆ. ಆಗಸ್ಟ್‌ನಲ್ಲಿ ತೆಗೆದರೆ ಹಸಿರು ಬೂಷ್ಟು, ಹಿತ್ತಾಳೆ ಕೊಕ್ಕೆಯ ಸುತ್ತ ಅಂಟಂಟು. ಗಾಬರಿಯಲ್ಲಿ ಒರೆಸಿ ಎಣ್ಣೆ ಸುರಿದೆ. ಮೆತ್ತಗಾಯಿತು ನಿಜ, ಆದರೆ ಆಮೇಲೆ ಎಳೆದಷ್ಟೂ ಉದ್ದ ಬರತೊಡಗಿತು. ಅಂಥ ಪಟ್ಟಿ ಹೊಡೆಯುವುದಕ್ಕೆ ಪ್ರಯೋಜನವಿಲ್ಲ. ಒದ್ದೆಯಾದರೆ ನೆರಳಲ್ಲಿ ಒಣಗಿಸಿ, ಚರ್ಮದ ಮೇಣ ತೆಳ್ಳಗೆ ಸವರಿ, ಸಾಕು. ಹೊಸ ಚರ್ಮ ಹೇಗೂ ಮೊದಲ ಕೆಲವು ವಾರ ಹಿಗ್ಗುತ್ತದೆ, ತೂತು ಬದಲಿಸಬೇಕಾಗುತ್ತದೆ.

ಪ್ರಶ್ನೆ ಕೇಳಿದವರು: ಶನಿವಾರ ರೇಂಜ್‌ಗೆ ಹೋಗಿದ್ದೆ. ಕುಣಿಕೆ ಮೇಲೇರಿಸಿದೆ, ಜೋಮು ಹೋಯಿತು. ಬೆರಳು ಬಿಚ್ಚಿದರೆ ಮೊದಲು ಮೂತಿ ದಡಕ್ಕನೆ ಇಳಿಯಿತು, ಒಂದು ತೂತು ಬಿಗಿದ ಮೇಲೆ ನಿಂತಿತು. ಗುಂಡುಗಳೂ ಒತ್ತಾಗಿ ಬಿದ್ದವು. ಆದರೆ ಎಲ್ಲಾ ನಾಲ್ಕು ಇಂಚು ಕೆಳಗೆ! ಇದೇನು ಹೊಸ ಕಾಟ?

ಟೆಕ್ಸಾಸ್‌ನಿಂದ: ಕಾಟ ಅಲ್ಲ. ಗ್ಯಾರಂಡ್‌ನ ಮುಂದಿನ ಕೊಂಡಿ ಮರದ ಮುಂತುದಿಯ ಲೋಹದ ಟೋಪಿಯ ಮೇಲಿದೆ, ಆ ಟೋಪಿ ಬ್ಯಾರಲ್‌ಗೆ (ನಳಿಗೆಗೆ) ಹಿಡಿದ ಲೋಹದ ಪಟ್ಟಿಗೆ ಸಿಕ್ಕಿಕೊಂಡಿದೆ. ಸ್ಲಿಂಗ್ ಜಗ್ಗಿದರೆ ಬ್ಯಾರಲ್ ಕೂಡ ಜಗ್ಗುತ್ತದೆ. ನಾಲ್ಕು ಇಂಚು ಅಂದರೆ 200 ಗಜಕ್ಕೆ ಹಿಂದಿನ ಸೈಟ್‌ನ ತಿರುಪಿನಲ್ಲಿ ಎರಡು ಕ್ಲಿಕ್, ಮೇಲಕ್ಕೆ ತಿರುಗಿಸಿ. ಪ್ರತಿ ಸಲ ಅದೇ ತೂತು, ಅಷ್ಟೇ ಬಿಗಿ ಇರಲಿ. ನಿಂತು ಹೊಡೆಯುವ ಸರದಿ ಬಂದಾಗ ಸ್ಲಿಂಗ್ ಎಳೆತ ಇರುವುದಿಲ್ಲ, ಆ ಎರಡು ಕ್ಲಿಕ್ ವಾಪಸ್ ಇಳಿಸಲು ಮರೆಯಬೇಡಿ. ನಾನು ಮರೆತು ಹತ್ತು ಗುಂಡೂ ಮೇಲೆ ಹೊಡೆದಿದ್ದೇನೆ.