ಅಪ್‌ಡೇಟ್: ಓಪನ್ ಮ್ಯಾಪ್ ಕೊಟ್ಟರೂ ಕದಲದ ಆಟಗಾರರು ಕೊನೆಗೂ ಹೊರಟರು

ನಾನು ಕಥೆ ಹೇಳುತ್ತಾ ನಡೆಸುವ ರೋಲ್-ಪ್ಲೇಯಿಂಗ್ ಆಟದ (ಮೇಜಿನ ಸುತ್ತ ಕೂತು, ತಮ್ಮ ಪಾತ್ರ ಏನು ಮಾಡುತ್ತದೆ ಅಂತ ಆಟಗಾರರೇ ಹೇಳುವ ಆಟ) ಬಗ್ಗೆ ಎರಡು ವಾರದ ಹಿಂದೆ ಇಲ್ಲಿ ಸಲಹೆ ಕೇಳಿದ್ದೆ, ನೆನಪಿರಬಹುದು. ಒಂದೇ ದಾರಿಯ ಕಥೆ ಬೇಡ ಅಂತ ದೊಡ್ಡ ಮ್ಯಾಪ್ ಬಿಡಿಸಿ ‘ಎಲ್ಲಿಗೆ ಬೇಕಾದರೂ ಹೋಗಿ’ ಅಂದರೆ, ನಮ್ಮ ನಾಲ್ವರು ಆಟಗಾರರು ಛತ್ರ ಬಿಟ್ಟು ಏಳುತ್ತಲೇ ಇರಲಿಲ್ಲ.

ಮೊದಲು, ಮ್ಯಾಪನ್ನು 6 ಮೈಲಿಯ ಹೆಕ್ಸ್‌ಗಳಾಗಿ (ಆರು ಬದಿಯ ಮನೆಗಳಾಗಿ) ಭಾಗ ಮಾಡಿ ಎಂಬ ಸಲಹೆ ಹಿಡಿದೆ. ಕೆಲಸ ಆಗಲಿಲ್ಲ. ಆರಿಸೋಕೆ ಇನ್ನೂ ಜಾಸ್ತಿ ಮನೆಗಳಾದವು, ಅಷ್ಟೇ.

ಕೈ ಹಿಡಿದದ್ದು ‘ಮೂರೇ ಸುದ್ದಿ ಕೊಡಿ’ ಅಂದವರ ಮಾತು. ಗಣಿಯಲ್ಲಿ ಕೂಲಿಗಳು ಕಾಣೆ, ಸೇತುವೆಗೆ ಸುಂಕ ಕೇಳುವ ದೈತ್ಯ, ಅಮಾವಾಸ್ಯೆಗೆ ತೆರೆಯುವ ಗೋರಿ. ಪ್ರತಿಯೊಂದಕ್ಕೂ ಒಂದು ಗಡುವು. ಐದೇ ನಿಮಿಷದಲ್ಲಿ ಗಣಿ ಅಂತ ತೀರ್ಮಾನ! ಯಾವಾಗಲೂ ಸುಮ್ನೆ ಕೂರುವ ಗೆಳತಿಯೇ ಮ್ಯಾಪ್ ಮೇಲೆ ಬೆರಳಿಟ್ಟು ‘ಹೊಳೆ ದಾರಿ ಹಿಡಿಯೋಣ’ ಅಂದಳು. ನನಗಂತೂ ತುಂಬಾ ಖುಷಿಯಾಯಿತು.

ಆಟ ಮುಗಿಸುವಾಗಲೇ ‘ಮುಂದಿನ ಸಲ ಎಲ್ಲಿಗೆ?’ ಅಂತ ಕೇಳಿ ಅಂದಿದ್ದರಲ್ಲ, ಅದೂ ದೊಡ್ಡ ಉಪಕಾರ. ಅವರು ಹೋಗುವ ಜಾಗವನ್ನಷ್ಟೇ ತಯಾರಿ ಮಾಡಿದರೆ ಸಾಕು.

ನಾನು ಎಣಿಸದೇ ಇದ್ದದ್ದು ಇನ್ನೊಂದು. ಗಣಿಯ ಒಳಗಿನ ಕಥೆ ಹೆಚ್ಚುಕಡಿಮೆ ಒಂದೇ ದಾರಿಯದ್ದು, ಕೋಣೆಯಾದ ಮೇಲೆ ಕೋಣೆ. ಯಾರಿಗೂ ಬೇಸರವಾಗಲಿಲ್ಲ. ಒಳಗೆ ಹೋಗಬೇಕೆಂದು ಆರಿಸಿದ್ದು ಅವರೇ ಅಲ್ವಾ? ಹೊರಗೆ ಬಂದಾಗ ಸೇತುವೆ ಮುರಿದುಬಿದ್ದಿತ್ತು. ಭಾನುವಾರ ಅಲ್ಲಿಂದಲೇ ಶುರು.