ಲಗ್ನಪತ್ರಿಕೆಯ ತಪ್ಪಿಗೆ ಡಿಟಿಪಿ ಹುಡುಗನ ಪಗಾರ ಹಿಡಿಯಬಹುದೇ?

ಪ್ರಶ್ನೆ: ಬೆಟಗೇರಿಯ ಪ್ರೆಸ್ ಮಾಲೀಕ

ಗದಗ-ಬೆಟಗೇರಿಯನ್ನು ಮುದ್ರಣ ಕಾಶಿ ಎಂದು ಕರೆಯುತ್ತಾರೆ. ಆ ಕಾಶಿಯ ಒಂದು ಓಣಿಯಲ್ಲಿ ನಮ್ಮದೂ ನಾಲ್ಕು ಜನ ದುಡಿಯುವ, ಒಂಟಿ ಬಣ್ಣದ ಮಷಿನ್ ಇರುವ ಸಣ್ಣ ಆಫ್‌ಸೆಟ್ ಪ್ರೆಸ್ ಇದೆ. ಲಗ್ನದ ಸೀಜನ್‌ನಲ್ಲಿ ರೋಣ ತಾಲ್ಲೂಕಿನ ಒಂದು ಮನೆತನದವರು 700 ಬಹುವರ್ಣದ ಲಗ್ನಪತ್ರಿಕೆಗಳಿಗೆ ಆರ್ಡರ್ ಕೊಟ್ಟಿದ್ದರು. ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವ ನಮ್ಮ ಡಿಟಿಪಿ ಹುಡುಗ ಹಿಂದಿನ ವಾರದ ಬೇರೊಂದು ಮನೆಯ ಫೈಲನ್ನೇ ತೆರೆದು, ಹೆಸರುಗಳನ್ನು ಬದಲಿಸಿ, ಪ್ರೂಫಿನ, ಅಂದರೆ ಅಚ್ಚಿಗೆ ಮೊದಲು ತಪ್ಪು ನೋಡುವ ಕರಡಿನ, ಚಿತ್ರವನ್ನು ವಾಟ್ಸ್‌ಆ್ಯಪ್‌ಗೆ ಕಳುಹಿಸಿದ. ವರನ ತಮ್ಮ ಎರಡೇ ನಿಮಿಷದಲ್ಲಿ ಹೆಬ್ಬೆರಳಿನ ಗುರುತು ಒತ್ತಿದ. ಪತ್ರಿಕೆ ಅಚ್ಚಾಗಿ ಹೋಯಿತು.

ಮೂರನೆಯ ದಿನ ವರನ ಅಜ್ಜ ತಾವೇ ಕಟ್ಟು ಹಿಡಿದುಕೊಂಡು ಬಂದರು. ಚಾಳೀಸು ಏರಿಸಿ, ತಮ್ಮ ಹೆಸರಿನ ಹಿಂದೆ ಉಳಿದುಹೋಗಿದ್ದ ‘ದಿ.’ ಎಂಬ ಅಕ್ಷರದ ಮೇಲೆ ಬೆರಳಿಟ್ಟು, “ತಮ್ಮಾ, ನಾ ಯಾವಾಗ ಹ್ವಾದ್ನೋ?” ಎಂದು ಕೇಳಿದರು. ಅಂಗಡಿಯಲ್ಲಿದ್ದವರೆಲ್ಲ ನಕ್ಕರು, ಆ ಹುಡುಗನೊಬ್ಬ ನಗಲಿಲ್ಲ. ಬಣ್ಣಕ್ಕೊಂದರಂತೆ ಇರುವ ಅಚ್ಚಿನ ಪ್ಲೇಟ್‌ಗಳಲ್ಲಿ ಬದಲಿಸಬೇಕಾದದ್ದು ಅಕ್ಷರಗಳಿರುವ ಕಪ್ಪು ಪ್ಲೇಟ್ ಒಂದೇ ಆದರೂ ಹಾಳೆಗಳೆಲ್ಲ ಹೊಸದಾಗಿ ಬೇಕಾದ್ದರಿಂದ, ನಾಲ್ಕೂ ಬಣ್ಣಗಳನ್ನು ರಾತ್ರಿಯೆಲ್ಲ ಮತ್ತೆ ಓಡಿಸಬೇಕಾಯಿತು. ಕಾಗದ, ಪ್ಲೇಟ್, ಇಬ್ಬರ ಓವರ್‌ಟೈಮ್ ಎಲ್ಲ ಸೇರಿ ₹9,400 ಕೈಬಿಟ್ಟಿತು. ಅದು ಆ ಹುಡುಗನ ತಿಂಗಳ ಪಗಾರದ ಅರ್ಧಕ್ಕಿಂತ ತುಸು ಹೆಚ್ಚು. ಎರಡು ಕಂತಿನಲ್ಲಿ ಅವನ ಪಗಾರದಿಂದ ಹಿಡಿಯಬೇಕೆಂಬುದು ಪ್ರೆಸ್ಸಿನಲ್ಲಿ ಪಾಲುದಾರನಾಗಿರುವ ನನ್ನ ತಮ್ಮನ ವಾದ. ಮೂರು ವರ್ಷಗಳಿಂದ ನಿಯತ್ತಾಗಿ ದುಡಿಯುತ್ತಿರುವ ಹುಡುಗನ ಮೇಲೆ ಈ ಭಾರ ಹೊರಿಸಲು ನನಗೆ ಮನಸ್ಸಿಲ್ಲ, ಹಾಗೆಂದು ಪ್ರತಿ ಸೀಜನ್‌ನಲ್ಲಿ ನಾನೇ ಹೊರುವ ಶಕ್ತಿಯೂ ಇಲ್ಲ. ಅನುಭವಿಗಳು ತಿಳಿಸಬೇಕು.

ಉತ್ತರ 1: ಹಾವೇರಿಯ ತೆರಿಗೆ ಸಲಹೆಗಾರ

ಮಾಲೀಕರೇ, ಮೊದಲು ಕಾನೂನಿನ ಮಾತು. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಅವುಗಳಲ್ಲಿ ವೇತನ ಸಂಹಿತೆಯು, ಕೆಲಸಗಾರನ ವಶಕ್ಕೆ ಸ್ಪಷ್ಟವಾಗಿ ಒಪ್ಪಿಸಿದ ವಸ್ತು ಅಥವಾ ಅವನು ಲೆಕ್ಕ ಕೊಡಬೇಕಾದ ಹಣವು ಅವನದೇ ಅಲಕ್ಷ್ಯದಿಂದ ನಷ್ಟವಾದಾಗ ಮಾತ್ರ, ಅವನ ಸಮಜಾಯಿಷಿ ಕೇಳಿದ ನಂತರ, ಪಗಾರದಿಂದ ಕಡಿತಕ್ಕೆ ಅವಕಾಶ ಕೊಡುತ್ತದೆ. ಗೋದಾಮಿನ ಕೀಲಿ ಹಿಡಿದವನು ಎರಡು ರೀಮ್ ಆರ್ಟ್ ಪೇಪರ್ ಕಳೆದರೆ ಅದು ಈ ಲೆಕ್ಕಕ್ಕೆ ಬರುತ್ತದೆ, ಗಿರಾಕಿಯೇ ಒಪ್ಪಿದ ಪ್ರೂಫಿನಲ್ಲಿ ಉಳಿದ ಅಕ್ಷರ ಬರುವುದು ನನಗಂತೂ ಕಾಣುವುದಿಲ್ಲ. ದಂಡ ಹಾಕುವುದೆಂದರೂ ಆ ಅವಧಿಯ ವೇತನದ ಶೇ 3ನ್ನು ಮೀರುವಂತಿಲ್ಲ, ಅದಕ್ಕೂ ಯಾವ ತಪ್ಪಿಗೆ ದಂಡ ಎಂಬ ಪಟ್ಟಿಗೆ ಮೊದಲೇ ಅನುಮತಿ ಪಡೆದಿರಬೇಕು. ಎಲ್ಲ ಕಡಿತಗಳೂ ಸೇರಿ ವೇತನದ ಅರ್ಧವನ್ನು ದಾಟಬಾರದು. ನಿಮ್ಮ ತಮ್ಮನವರಿಗೆ ಇಷ್ಟನ್ನು ತಿಳಿಸಿರಿ.

ಎರಡನೆಯದು ಎಸ್ಟಿಮೇಟಿನ ಮಾತು. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿಯ ಶೇ 12ರ ಹಂತವೇ ಹೋಗಿ, ನೋಟ್‌ಬುಕ್ಕಿಗೆ ಬಳಸುವ ಕಾಗದವನ್ನು ಬಿಟ್ಟರೆ, ನಾವು ನಿತ್ಯ ಕೊಳ್ಳುವ ಮುದ್ರಣ ಕಾಗದ ಹೆಚ್ಚಾಗಿ ಶೇ 18ಕ್ಕೆ ಏರಿದೆ. ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ಒಂದೇ ಸಣ್ಣ ದರದಲ್ಲಿ ತೆರಿಗೆ ಕಟ್ಟುವ ಕಾಂಪೋಸಿಷನ್ ಯೋಜನೆಯಲ್ಲಿ ನೀವಿದ್ದರೆ ಆ ತೆರಿಗೆ ನಿಮಗೆ ಹಿಂದಿರುಗುವುದಿಲ್ಲ, ಕಾಗದದ ದರದಲ್ಲೇ ಕೂಡಿಕೊಳ್ಳುತ್ತದೆ. ಅಂದರೆ ಕೆಟ್ಟುಹೋದ ಪ್ರತಿ ಹಾಳೆಯೂ ಮೊದಲಿಗಿಂತ ತುಟ್ಟಿ. ಹಳೆಯ ರೇಟ್ ಕಾರ್ಡನ್ನೇ ಗೋಡೆಗೆ ಅಂಟಿಸಿಕೊಂಡು ಕೂತ ಪ್ರೆಸ್ಸುಗಳನ್ನು ಹಾವೇರಿಯಲ್ಲಿ ನಾನು ಇಂದಿಗೂ ನೋಡುತ್ತಿದ್ದೇನೆ. ಮಷಿನ್ ವೇಸ್ಟೇಜ್ ಹಿಡಿಯುವಂತೆಯೇ ಮರುಮುದ್ರಣಕ್ಕೂ ಪ್ರತಿ ಬಿಲ್ಲಿನಲ್ಲಿ ಒಂದಿಷ್ಟು ತೆಗೆದಿಡುವ ರೂಢಿ ಬೆಳೆಸಿಕೊಳ್ಳಿರಿ.

ಉತ್ತರ 2: ಹುಬ್ಬಳ್ಳಿಯ ಡಿಟಿಪಿ ಆಪರೇಟರ್

ಅಣ್ಣಾವ್ರೇ, ಹನ್ನೊಂದು ವರ್ಷಗಳಿಂದ ಆ ಹುಡುಗ ಕೂಡುವಂಥ ಕುರ್ಚಿಯಲ್ಲಿಯೇ ಕೂತವಳಾಗಿ ಬರೆಯುತ್ತಿದ್ದೇನೆ. ಸೀಜನ್‌ನಲ್ಲಿ ದಿನಕ್ಕೆ ಹನ್ನೆರಡು ಹದಿನೈದು ಕೆಲಸ ಬರುತ್ತವೆ, ಹಿಂದೆ ಗಿರಾಕಿ ನಿಂತಿರುತ್ತಾನೆ, ಮುಂದೆ ಫೋನ್ ಒದರುತ್ತಿರುತ್ತದೆ. ಹಳೆಯ ಫೈಲಿನ ಮೇಲೆ ಹೊಸ ಹೆಸರು ಬಡಿಯುವುದು ಅವನ ಸೋಮಾರಿತನ ಎಂದುಕೊಳ್ಳಬೇಡಿರಿ. ಹೊತ್ತು ಉಳಿಸಲು ಅದನ್ನು ಕಲಿಸಿದವರು ಮಾಲೀಕರೇ ಇರುತ್ತಾರೆ. ನಾನು ಈಗ ‘ದಿ.’, ‘ಚಿ.’, ‘ಚಿ. ಕುಂ. ಸೌ.’, ‘ಶ್ರೀಮತಿ’ ಯಾವುದೂ ಇಲ್ಲದ ಖಾಲಿ ಮಾದರಿಗಳನ್ನು ಇಟ್ಟುಕೊಂಡಿದ್ದೇನೆ. ಗಿರಾಕಿ ಬರೆದುಕೊಟ್ಟರೆ ಮಾತ್ರ ಅವು ಹೆಸರಿನ ಹಿಂದೆ ಬರುತ್ತವೆ.

ಇನ್ನೊಂದು ಕಾಟವಿದೆ. ವಾಟ್ಸ್‌ಆ್ಯಪ್‌ನಲ್ಲಿ ಬರುವ ಮಜಕೂರು ಫೋನುಗಳಲ್ಲೆಲ್ಲ ನಡೆಯುವ ಯೂನಿಕೋಡ್, ನಾವು ಪುಟ ಕಟ್ಟುವ ಪೇಜ್‌ಮೇಕರ್ ತಂತ್ರಾಂಶದಲ್ಲಿ ನಡೆಯುವುದು ‘ನುಡಿ’ ತಂತ್ರಾಂಶದ ಬೇರೆ ಬಗೆಯ ಅಕ್ಷರ. ಪರಿವರ್ತಕದಲ್ಲಿ ಹಾಕಿ ತೆಗೆದಾಗ ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹಾರಿರುತ್ತದೆ, ಇಲ್ಲವೇ ಒತ್ತಕ್ಷರ ಮಾಯವಾಗಿರುತ್ತದೆ. ಫೋನಿನ ಪರದೆಯ ಸಣ್ಣ ಚಿತ್ರದಲ್ಲಿ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಹಾಗಾಗಿ ಪತ್ರಿಕೆಯ ಅಳತೆಯಲ್ಲೇ ಕಾಗದದ ಪ್ರೂಫ್ ತೆಗೆದು, ಮೂಲ ಚೀಟಿಯನ್ನು ಒಬ್ಬರು ಗಟ್ಟಿಯಾಗಿ ಓದಬೇಕು, ಟೈಪ್ ಮಾಡದ ಇನ್ನೊಬ್ಬರು ಪ್ರೂಫಿನ ಮೇಲೆ ಬೆರಳಿಟ್ಟು ನೋಡಬೇಕು. ನಮ್ಮಲ್ಲಿ ಆ ಇನ್ನೊಬ್ಬರು ಬೈಂಡಿಂಗ್ ವಿಭಾಗದ ಅಕ್ಕ. ನಾನು ಹಿಡಿಯದ ತಪ್ಪುಗಳನ್ನು ಅವರು ಹಿಡಿಯುತ್ತಾರೆ, ಏಕೆಂದರೆ ಆ ಮಜಕೂರನ್ನು ಅವರು ನೋಡುವುದು ಮೊದಲ ಸಲ.

ಉತ್ತರ 3: ಧಾರವಾಡದ ನಿವೃತ್ತ ಮುದ್ರಕ

ಸೀಸದ ಅಕ್ಷರದ ಮೊಳೆಗಳನ್ನು ಒಂದೊಂದಾಗಿ ಜೋಡಿಸುವ ಕಾಲದಲ್ಲಿ ಕೆಲಸ ಮುಗಿದೊಡನೆ ಮೊಳೆಗಳನ್ನು ಬಿಚ್ಚಿ ಮತ್ತೆ ಕೇಸಿಗೆ, ಅಂದರೆ ಖಾನೆಗಳ ಪೆಟ್ಟಿಗೆಗೆ, ಹಾಕುತ್ತಿದ್ದುದರಿಂದ, ಒಬ್ಬರ ಮನೆಯ ‘ದಿ.’ ಇನ್ನೊಬ್ಬರ ಮನೆಯ ಹಿರಿಯರ ತಲೆಗೇರುವ ಪ್ರಸಂಗ ಅಪರೂಪವಾಗಿತ್ತು. ತಪ್ಪುಗಳು ಆಗಲೂ ಇದ್ದವು. ಆದರೆ ಪುಟ ಕಟ್ಟುವ ಮೊದಲಿನ ಗ್ಯಾಲಿ ಪ್ರೂಫ್, ಆಮೇಲಿನ ಪುಟದ ಪ್ರೂಫ್ ದಾಟಿ, ‘ಅಚ್ಚು ಹಾಕಬಹುದು’ ಎಂದು ಗಿರಾಕಿಯ ಕೈಬರಹ ಬೀಳುವವರೆಗೆ ಟ್ರೆಡಲ್ ಎಂಬ ಅಚ್ಚಿನ ಮಷಿನ್ ತುಳಿಯುತ್ತಿರಲಿಲ್ಲ. ಮಷಿನ್ ಏರಿದ ಮೇಲೂ ಒಂದು ಮೊಳೆಯನ್ನು ಚಿಮಟದಿಂದ ಕಿತ್ತು ಬದಲಿಸಬಹುದಿತ್ತು. ಪ್ಲೇಟಿಗೆ ಆ ಸೌಲಭ್ಯವಿಲ್ಲದ ಕಾರಣ ಸಹಿಯ ಅಗತ್ಯ ಈಗ ಇನ್ನೂ ಹೆಚ್ಚಾಗಿದೆ.

ನಿಮ್ಮಲ್ಲಿ ಸಹಿಯ ಪದ್ಧತಿ ಇಲ್ಲವೇ ಇಲ್ಲ ಎನ್ನಬೇಡಿರಿ. ಚುನಾವಣೆ ಬಂದಾಗ ಕರಪತ್ರ ಅಚ್ಚು ಹಾಕುವ ಮೊದಲು, 1951ರ ಜನಪ್ರಾತಿನಿಧ್ಯ ಕಾಯ್ದೆಯ 127ಎ ಕಲಮಿನಂತೆ, ಪ್ರಕಾಶಕನ ಸಹಿಯೂ ಅವನನ್ನು ಬಲ್ಲ ಇಬ್ಬರ ಸಾಕ್ಷಿಯೂ ಇರುವ ಘೋಷಣಾ ಪತ್ರವನ್ನು ಎರಡು ಪ್ರತಿಗಳಲ್ಲಿ ಪಡೆಯುತ್ತೀರಿ. ತಪ್ಪಿದರೆ ಆರು ತಿಂಗಳವರೆಗೆ ಜೈಲು ಅಥವಾ ₹2,000ದವರೆಗೆ ದಂಡ, ಇಲ್ಲವೇ ಎರಡೂ ಆಗಬಹುದೆಂಬ ಅಂಜಿಕೆ ನಿಮಗಿದೆ. ಅದೇ ಶಿಸ್ತನ್ನು ಲಗ್ನದವರ ವಿಷಯದಲ್ಲೂ ಇಟ್ಟುಕೊಳ್ಳಿರಿ. ಆರ್ಡರಿನ ವಿವರ ಬರೆದಿಡುವ ಜಾಬ್ ಕಾರ್ಡಿನ ಹಿಂಬದಿಯಲ್ಲಿ ಹೆಸರು, ತಿಥಿ, ವಾರ, ಮುಹೂರ್ತ, ಸ್ಥಳ ಇಷ್ಟಕ್ಕೆ ಪ್ರತ್ಯೇಕ ಗೆರೆ ಎಳೆದು, ಪ್ರತಿ ಗೆರೆಗೂ ಗುರುತು ಹಾಕಿಸಿಕೊಂಡು, ಮನೆಯ ಇಬ್ಬರಿಂದ ಸಹಿ ಮಾಡಿಸಿರಿ. ಆ ಇಬ್ಬರಲ್ಲಿ ಒಬ್ಬರು ಹಿರಿಯರಾಗಿರಲಿ. ಆ ಅಜ್ಜನವರೇ ಪ್ರೂಫ್ ನೋಡಿದ್ದರೆ ನಿಮ್ಮ ₹9,400 ಉಳಿಯುತ್ತಿತ್ತು.

ಮತ್ತೆ ಬೆಟಗೇರಿಯ ಪ್ರೆಸ್ ಮಾಲೀಕ

ಎಲ್ಲರಿಗೂ ವಂದನೆಗಳು. ಪಗಾರ ಹಿಡಿಯುವ ಮಾತನ್ನು ಕೈಬಿಟ್ಟಿದ್ದೇವೆ, ತಮ್ಮ ಗೊಣಗುತ್ತಲೇ ಒಪ್ಪಿದ. ಧಾರವಾಡದ ಹಿರಿಯರು ಹೇಳಿದಂತೆ ಜಾಬ್ ಕಾರ್ಡನ್ನು ನಮ್ಮಲ್ಲೇ ಅಚ್ಚು ಹಾಕಿಕೊಳ್ಳುತ್ತಿದ್ದೇನೆ. ಒಂದು ತೊಡಕು ಮಾತ್ರ ಉಳಿದಿದೆ. ಸಹಿಗಾಗಿ ಇನ್ನೊಮ್ಮೆ ಬಸ್ ಹತ್ತಿ ಬನ್ನಿರಿ ಎಂದರೆ ಹಳ್ಳಿಯ ಗಿರಾಕಿ ಪಕ್ಕದ ಪ್ರೆಸ್ಸಿಗೆ ಹೋಗಿಬಿಡುತ್ತಾನೆ.

ಹುಬ್ಬಳ್ಳಿಯ ಡಿಟಿಪಿ ಆಪರೇಟರ್

ಅಂಥವರಿಗೆ ನಾವು ಹೆಬ್ಬೆರಳಿನ ಗುರುತನ್ನು ಒಪ್ಪಿಗೆಯೆಂದು ಎಣಿಸುವುದಿಲ್ಲ. ಪ್ರೂಫನ್ನು ನೋಡಿ ಹೆಸರುಗಳನ್ನೂ ಮುಹೂರ್ತವನ್ನೂ ಅವರೇ ಓದಿ, ಧ್ವನಿ ಸಂದೇಶ ಕಳುಹಿಸಬೇಕು. ಓದುವಾಗ ಎಲ್ಲಿ ತಡವರಿಸುತ್ತಾರೋ, ಅಲ್ಲಿ ನಾನು ಇನ್ನೊಮ್ಮೆ ನೋಡುತ್ತೇನೆ.