ದೊಡ್ಡೋರಿಲ್ಲದ ಸೀರಿಯಲ್ ಮಾಡ್ಬೇಕಂತೀವಿ, ಅನುಭವ ಇದ್ದೋರು ಹೇಳ್ರಿ

ಸಿಂಧನೂರ ಮೇಷ್ಟ್ರು:
ಎಲ್ಲರಿಗೂ ನಮಸ್ಕಾರ್ರಿ. ನಮ್ಮ ಶಿಬಿರದ ಹುಡುಗ್ರು 14 ಮಂದಿ, ಆರನೇತ್ತಿಂದ ಪಿಯುಸಿ ತನಕ. ಅದ್ರಾಗ 11 ಮಂದಿಗೆ ಇನ್ನೂ ಹದಿನಾಲ್ಕು ತುಂಬಿಲ್ಲ. ನ್ಯೂಜಿಲೆಂಡಿನ 'ದಿ ಟ್ರೈಬ್' ಸೀರಿಯಲ್ ಫೋನಿನಾಗ ನೋಡಿ ಹುಚ್ಚು ಹಿಡಿಸಿಕೊಂಡಾವ. ವೈರಸ್ ಬಂದು ದೊಡ್ಡೋರೆಲ್ಲ ಸತ್ತು, ಹುಡುಗ್ರೇ ಗುಂಪು ಕಟ್ಟಿ, ಮಾರಿಗೆ ಬಣ್ಣ ಬಳ್ಕೊಂಡು ಖಾಲಿ ಮಾಲ್‌ನಾಗ ಬದುಕೋ ಕತಿ. 1999ರಾಗ ಸುರುವಾಗಿ ಐದು ಸೀಸನ್, 260 ಕಂತು ಬಂದದ್ದು. ಕಾಪಿ ಮಾಡೂದಿಲ್ರಿ. ನಮ್ಮ ಕತ್ಯಾಗ ಮಾಲ್ ಬದ್ಲಿ ಭತ್ತದ ಗೋದಾಮು. ಯೂಟ್ಯೂಬಿಗೆ ಹತ್ತತ್ತು ನಿಮಿಷದ ಆರು ಕಂತು. ಕೈಯಾಗಿರೋದು 60 ಸಾವಿರ. ಮೂರೇ ಪ್ರಶ್ನಿ: ಮೇ ತಿಂಗಳೋ, ದಸರಾ ರಜಾನೋ? ಧ್ವನಿ ಅಲ್ಲೇ ಹಿಡಿಯೂದೋ, ಆಮ್ಯಾಲ ಡಬ್ ಮಾಡೂದೋ? ಕ್ಯಾಮೆರಾ ಬಾಡಗಿಗೆ ತರೂದೋ, ಫೋನ್ ಸಾಕೋ?

ಕೋಟೆಗುಡ್ಡ (ಬಳ್ಳಾರಿ):
ಮೇಷ್ಟ್ರೇ, 60 ಸಾವಿರ ಅಂದ್ರಲ್ಲ, ನಗು ಬಂತು. ಬೇಜಾರು ಮಾಡ್ಕೋಬೇಡಿ. 2022ರ ಬೇಸಿಗೇಲಿ ನಾವೂ 70 ಸಾವಿರ ಅಂತಲೇ ಹೊರಟಿದ್ದು. ಮುಗಿಯೋ ಹೊತ್ತಿಗೆ 1,87,400. ಲೆಕ್ಕದ ಬುಕ್ಕು ಇನ್ನೂ ಐತೆ, ಹೆಂಡ್ತಿ ಕೈಗೆ ಸಿಗದಂಗೆ ಇಟ್ಟೀನಿ. ಕ್ಯಾಮೆರಾ ಲೆನ್ಸ್ ಸಮೇತ ದಿನಕ್ಕೆ 3,500, ಹನ್ನೊಂದು ದಿನಕ್ಕೆ 38,500. ಕ್ರೂಸರ್ ದಿನಕ್ಕೆ 2,800, ಡೀಸೆಲ್ ನಮ್ದು. ಊಟಕ್ಕೆ 41 ಸಾವಿರ ಚಿಲ್ಲರೆ, ಅದರಲ್ಲಿ ಮಜ್ಜಿಗೆ ಪ್ಯಾಕೆಟ್ಟಿಗೇ 6,120. ಮಜ್ಜಿಗೇನ ಬಜೆಟ್ಟಲ್ಲಿ ಯಾರು ಬರೀತಾರೆ ಹೇಳಿ.

ಆದ್ರೆ ನಮ್ಮನ್ನ ಮುಳುಗಿಸಿದ್ದು ದುಡ್ಡಲ್ಲ. ದೊಡ್ಡೋರಿಲ್ಲದ ಊರು ತೋರಿಸ್ಬೇಕು ಅಂದ್ರೆ ಖಾಲಿ ಬೀದಿ ಬೇಕು. ನಮ್ಮೂರಲ್ಲಿ ಖಾಲಿ ಬೀದಿ ಎಲ್ಲೈತೆ? ಬೆಳಗ್ಗೆ ಆರಕ್ಕೆ ಕೌಲ್ ಬಜಾರಿನ ಒಂದು ಸಂದಿಯಲ್ಲಿ ಕ್ಯಾಮೆರಾ ಇಟ್ವಿ. ಅವತ್ತೇ ನಲ್ಲಿ ನೀರು ಬಿಟ್ರು. ಇಡೀ ಓಣಿ ಕೊಡ ಹಿಡ್ಕೊಂಡು ಹೊರಗೆ. "ಅಜ್ಜಿ, ಈ ಕಥೆಯಲ್ಲಿ ನೀವೆಲ್ಲ ಸತ್ತೋಗಿದ್ದೀರಿ, ಸ್ವಲ್ಪ ಒಳಗೆ ಹೋಗಿ" ಅಂದ ನಮ್ಮ ಹುಡುಗನಿಗೆ ಚಪ್ಪಲಿ ಬಂದು ಬಿತ್ತು. ಮರುದಿನ ಬೀದಿ ಖಾಲಿ ಸಿಕ್ತು, ಹುಡುಗಿ ಅಳೋ ಸೀನು, ಒಂದೇ ಟೇಕಲ್ಲಿ ಕಣ್ಣೀರು ಬಂತು. ಅಷ್ಟರಲ್ಲಿ ಪಕ್ಕದ ರಸ್ತೆಯಲ್ಲಿ ಕಸದ ಗಾಡಿ ಹಾಡು ಹಾಕ್ಕೊಂಡು ಬಂತು. ದೊಡ್ಡೋರೆಲ್ಲ ಸತ್ತು ಆರು ತಿಂಗಳಾಗೈತೆ, ಕಸದ ಗಾಡಿ ಮಾತ್ರ ಟೈಮಿಗೆ ಸರಿಯಾಗಿ ಬರ್ತೈತೆ!

ಕೊನೆಗೆ ಮಧ್ಯಾಹ್ನ ಒಂದರಿಂದ ಮೂರು ಗಂಟೆ ಇಟ್ಕೊಂಡ್ವಿ. ಆಗ ಬಳ್ಳಾರಿಯಲ್ಲಿ ನಾಯಿನೂ ಹೊರಗೆ ಬರಲ್ಲ. ಖಾಲಿ ಬೀದಿ ಪುಕ್ಕಟೆ. ಎರಡನೇ ದಿನ ಇಬ್ಬರು ಹುಡುಗ್ರು ತಲೆ ಸುತ್ತಿ ಬಿದ್ರು, ಒಬ್ಬನಿಗೆ ಗ್ಲೂಕೋಸ್ ಏರಿಸಿದ್ರು. ಅವರಪ್ಪ ಇವತ್ತಿಗೂ ನನ್ನ ಕಂಡ್ರೆ ದಾರಿ ಬದಲಾಯಿಸ್ತಾನೆ.

ಒಂದು ವಿಷಯದಲ್ಲಿ ಮಾತ್ರ ನಾವು ಯಾರಿಗೂ ಕಮ್ಮಿ ಇಲ್ಲ, ಬಟ್ಟೆ. ನಮ್ಮೂರ ಜೀನ್ಸ್ ಯೂನಿಟ್ಟಲ್ಲಿ ರಿಜೆಕ್ಟ್ ಆದ ಪೀಸು, ಮೂಟೆಗೆ 900. ಒಂದು ಕಾಲು ಉದ್ದ ಒಂದು ಗಿಡ್ಡ, ಜಿಪ್ಪಿಲ್ಲ, ಜೇಬು ಒಳಗೆ ಹೊರಗೆ. ಕತ್ತರಿಸಿ ಕಟ್ಟಿಕೊಂಡ್ರೆ ನಾಗರಿಕತೆ ಮುಗಿದುಹೋದಂಗೇ ಕಾಣ್ತಾರೆ. ಟ್ರೈಬ್‌ನೋರಿಗೂ ಇಂಥ ಬಟ್ಟೆ ಸಿಕ್ಕಿರಲ್ಲ.

ಗಂಗಾವತಿ ಅಕ್ಕ:
ಬಿಸಿಲಾಗ ಹುಡುಗ್ರನ್ನ ಬೀಳಿಸಿ ಅದನ್ನ ಹೆಮ್ಮಿಲೆ ಹೇಳ್ತೀರಲ್ರಿ ಅಣ್ಣಾರ. ಇರ್ಲಿ.

ಮೇಷ್ಟ್ರ, ನಾನು 54 ಸಾವಿರದಾಗ ಮುಗಿಸೇನಿ, ಎಲ್ಲಾ ಫೋನಿನಾಗ. ಅಂದ್ರ ಮುಗಿಸಿಲ್ಲ, ನಾಕು ಕಂತಿಗೆ ನಿಂತೈತಿ. ಯಾಕ ನಿಂತೈತಿ ಕೇಳ್ರಿ. ಮೊದಲ ಬಣ್ಣದ್ದು. ಹೋಳಿ ಹಬ್ಬದಾಗ ಉಳಿದ ಸಿಲ್ವರ್ ಬಣ್ಣ ಇತ್ತು, ಚಲೋ ಹೊಳೀತೈತಿ ಅಂತ ಹುಡುಗಿ ಮಾರಿಗೆ ಹಚ್ಚಿದ್ವಿ. ಸಂಜಿಗೆ ಗಲ್ಲ ಬಾತು ಒಂದು ಕಣ್ಣು ಮುಚ್ಚೇ ಹೋತು. ದವಾಖಾನಿ ಖರ್ಚು 2,340. ದುಡ್ಡು ಹಾಳಾಗ್ಲಿ, ಅವರವ್ವ ಹುಡುಗೀನ್ನ ಕೈ ಹಿಡಿದು ಎಳಕೊಂಡು ಹೋದ್ಲು. ಆಕೀನೇ ಹೀರೋಯಿನ್ರಿ. ಎರಡೂವರಿ ಕಂತು ಮತ್ತ ತೆಗಿದ್ವಿ. ಆಮ್ಯಾಲ ಬಯಲಾಟದೋರ ಹತ್ರ ಬಣ್ಣ ತಂದ್ವಿ. ಮೊದಲ ಕೊಬ್ಬರಿಎಣ್ಣಿ ತಿಕ್ಕಿ ಮ್ಯಾಲ ಬಳಿಯೂದು ಅವರೇ ಕಲಿಸಿದ್ರು.

ಎರಡನೇದು ಹೊಳಿ. ಟ್ರೈಬ್‌ನಾಗ ಕೊನಿಗೆ ದೋಣಿ ಹತ್ತಿ ಊರು ಬಿಟ್ಟು ಹೋಗ್ತಾರಲ್ಲ, ಹಂಗ ನಮ್ಮ ಹುಡುಗ್ರಿಗೂ ಹರಗೋಲು ಬೇಕಂತ. ಆನೆಗೊಂದಿ ಕಡೆ ಒಬ್ಬರಿಗೆ 4,000 ಅಡ್ವಾನ್ಸ್ ಕೊಟ್ಟು ಐತವಾರ ಗೊತ್ತು ಮಾಡಿದ್ವಿ. ಯಾವ ಐತವಾರ ಅಂತೀರಿ? 2024ರ ಆಗಸ್ಟ್ 11. ಹಿಂದಿನ ರಾತ್ರಿನೇ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿಕೊಂಡು ಹೋತು! 33 ಗೇಟಿನಾಗ ಅದೊಂದಕ್ಕ ನಮ್ಮ ಶೂಟಿಂಗಿನ ಹಿಂದಿನ ರಾತ್ರಿನೇ ಬೇಕಿತ್ತೇನ್ರಿ? ಹೊಳಿ ಕಡೆ ಯಾರೂ ಇಳೀಬ್ಯಾಡ್ರಿ ಅಂತ ಸಾರಿದ್ರು. ಒಂದು ವಾರ ಆದಮ್ಯಾಲ ತಾತ್ಕಾಲಿಕ ಗೇಟ್ ಇಳಿಸಿದ್ರು, ನಮ್ಮ ಅಡ್ವಾನ್ಸ್ ಮಾತ್ರ ತಿರುಗಿ ಬರ್ಲಿಲ್ಲ. ನಾವು ಮತ್ತ ಎಲ್ಲರನ್ನೂ ಕೂಡಿಸೂದರಾಗ ಜನವರಿ. ಅಷ್ಟರಾಗ ನಮ್ಮ ಹೀರೋಗೆ ಧ್ವನಿ ಒಡೀತು. ಮೂರನೇ ಕಂತಿನಾಗ ಕೋಗಿಲಿ, ನಾಕನೇದ್ರಾಗ ಕ್ವಾಣ. ಮೀಸಿನೂ ಬಂತು. ಬೋಳಿಸ್ಕೊ ಅಂದ್ರ ಒಲ್ಲೆ ಅಂತಾನ, ಈಗಷ್ಟ ಬಂದೈತಿ ಅಂತ.

ಟಿಬಿ ಡ್ಯಾಮ್:
ಅಕ್ಕಾರ, ಡ್ಯಾಮು ನಮ್ಮ ಹೊಸಪೇಟೆದು. ನೀರು ಕುಡಿಯೋರು ನೀವು.

ಗಂಗಾವತಿ ಅಕ್ಕ:
ಅದರ ಒಂದು ದಂಡಿ ಮುನಿರಾಬಾದ್, ಕೊಪ್ಪಳ ಜಿಲ್ಲಾ. ನಕಾಶಿ ನೋಡ್ರಿ.

ಕೋಟೆಗುಡ್ಡ (ಬಳ್ಳಾರಿ):
ಹೊಸಪೇಟೆಯೋರು 2021ರಲ್ಲಿ ಬೇರೆ ಜಿಲ್ಲೆ ಮಾಡ್ಕೊಂಡು ಮನೆ ಬಿಟ್ಟು ಹೋದ್ರು. ಇವರು ಈ ಚರ್ಚೆಯಲ್ಲಿ ಯಾಕಿದ್ದಾರೆ ಅಂತ ಯಾರಾದ್ರೂ ಹೇಳ್ತೀರಾ?

ಟಿಬಿ ಡ್ಯಾಮ್:
ಬಿಟ್ಟು ಬಂದ್ವೋ, ಬಿಡಿಸ್ಕೊಂಡು ಬಂದ್ವೋ? ಹಂಪಿ ನಮ್ಮ ಕಡೆ ಬಂತು ಅಂತ ಹೊಟ್ಟೆಕಿಚ್ಚು ನಿಮಗೆ. ಬಳ್ಳಾರಿಲಿ ಏನೈತಿ, ಧೂಳು.

ಪಾಲಕ, ರಾಯಚೂರು:
ಜಿಲ್ಲೆ ಜಗಳ ಆಮೇಲೆ ಆಡಿ. ಮೇಷ್ಟ್ರು 11 ಮಕ್ಕಳು ಹದಿನಾಲ್ಕರೊಳಗಿನವರು ಅಂದಿದ್ದಾರೆ, ಅದು ಯಾರ ಕಣ್ಣಿಗೂ ಬಿದ್ದಿಲ್ಲ. ನನ್ನ ಮಗ ಒಂದು ಕಿರುಚಿತ್ರದಲ್ಲಿ ಮಾಡಿದ್ದ. ಬೆಳಗ್ಗೆ ಏಳಕ್ಕೆ ಕರೆದುಕೊಂಡು ಹೋದವರು ರಾತ್ರಿ ಹತ್ತೂವರೆಗೆ ತಂದು ಬಿಟ್ಟರು. ಮೂರು ದಿನ ಹೀಗೇ. ನಾಲ್ಕನೇ ದಿನ ಜ್ವರ 103. ಆಗ ನಾನು ನಿಯಮ ತೆಗೆದು ಓದಿದೆ. 2016ರಲ್ಲಿ ಬಾಲಕಾರ್ಮಿಕ ಕಾಯ್ದೆ ತಿದ್ದುಪಡಿ ಆಗಿ 2017ರಲ್ಲಿ ನಿಯಮ ಬಂತು. ಬಾಲ ಕಲಾವಿದರಿಂದ ದಿನಕ್ಕೆ ಐದು ಗಂಟೆಗಿಂತ ಹೆಚ್ಚು ಕೆಲಸ ಮಾಡಿಸುವಂತಿಲ್ಲ, ವಿಶ್ರಾಂತಿ ಇಲ್ಲದೆ ಮೂರು ಗಂಟೆ ದಾಟುವಂತಿಲ್ಲ. ಜಿಲ್ಲಾ ದಂಡಾಧಿಕಾರಿಗಳ ಅನುಮತಿ ಬೇಕು. ಸಂಭಾವನೆಯಲ್ಲಿ ಕನಿಷ್ಠ ಶೇ 20 ಮಗುವಿನ ಹೆಸರಲ್ಲಿ ಠೇವಣಿ. ಐದು ಮಕ್ಕಳಿಗೆ ಒಬ್ಬ ಜವಾಬ್ದಾರಿ ವ್ಯಕ್ತಿ ಇರಲೇಬೇಕು. ಅಂದರೆ ನಿಮ್ಮ ದೊಡ್ಡವರಿಲ್ಲದ ಸೀರಿಯಲ್ಲಿಗೆ ಕನಿಷ್ಠ ಮೂವರು ದೊಡ್ಡವರು ಬೇಕು.

ಕೋಟೆಗುಡ್ಡ (ಬಳ್ಳಾರಿ):
ಸರ್, ಅದು ದುಡ್ಡು ಕೊಡೋ ಸಿನಿಮಾದೋರಿಗೆ. ನಾವು ಹುಡುಗ್ರಿಗೆ ಸೂಸ್ಲ ಮಿರ್ಚಿ ಕೊಟ್ಟಿದ್ದು. ಅದರಲ್ಲಿ ಶೇ 20 ಠೇವಣಿ ಇಡೋಣ್ವಾ?

ಪಾಲಕ, ರಾಯಚೂರು:
ಗ್ಲೂಕೋಸ್ ಏರಿಸಿಕೊಂಡ ಹುಡುಗನ ತಂದೆಯನ್ನು ಕೇಳಿ, ನಗು ಬರುತ್ತದಾ ಅಂತ.

ಬೀಗದಕೈ (ಲಿಂಗಸುಗೂರು ತಾಲೂಕು):
ಎಲ್ಲಾ ಓದಿದೆ. ನನಗ ಶೂಟಿಂಗ್ ಗೊತ್ತಿಲ್ಲ. ಆದ್ರ ದೊಡ್ಡೋರಿಲ್ಲದ ಮನಿ ಗೊತ್ತದ.

ನಾನು ಏಳನೇತ್ತ ಇದ್ದಾಗ ಮಳಿ ಹೋತು. ಅಪ್ಪ ಅವ್ವ ಬೆಂಗಳೂರಿಗೆ ಗುಳೆ ಹೋದ್ರು, ಕಟ್ಟಡ ಕೆಲಸಕ್ಕ. ನಮ್ಮ ಪರೀಕ್ಷಿ ಕೆಡಬಾರದು ಅಂತ ನನ್ನನ್ನೂ ಇಬ್ಬರು ತಮ್ಮಂದಿರನ್ನೂ ಬಿಟ್ಟು ಹೋದ್ರು. ಆಯಿ ಇದ್ಲು, ಆಕಿಗೆ ಕಿವಿ ಕೇಳ್ತಿರಲಿಲ್ಲ, ಸಂಕ್ರಾಂತಿ ಆಗಿ ಎಂಟು ದಿನಕ್ಕ ಆಕಿನೂ ತೀರಿಕೊಂಡ್ಲು. ಅಪ್ಪ ಬಂದು ಮಣ್ಣು ಮಾಡಿ, ಮುಂಗಡ ತೊಗೊಂಡೀನಿ ಅಂತ ಮೂರನೇ ದಿನಕ್ಕ ವಾಪಸ್ ಹೋದ. ಅಲ್ಲಿಂದ ಯುಗಾದಿ ತನಕ ನಾವು ಮೂವರೇ.

ನಿಮ್ಮ ಸೀರಿಯಲ್ಲಿನಾಗ ಹುಡುಗ್ರು ಮೊದಲ ಬಣ್ಣ ಬಳ್ಕೊಳ್ತಾರ, ನಾಯಕ ಯಾರು ಅಂತ ಹೊಡೆದಾಡ್ತಾರ. ನಮ್ಮ ಮನ್ಯಾಗ ಮೊದಲ ಜಗಳ ಬೀಗದ ಕೈದು. ಯಾರ ಹತ್ರ ಇರಬೇಕು? ನಾನು ನೀರಿಗೆ ಹೋದ್ರ ತಮ್ಮಂದಿರು ಹೊರಗ, ಅವರು ಆಡಾಕ ಹೋದ್ರ ನಾನು ಹೊರಗ. ಕಡೀಕ ಸಣ್ಣವನ ಉಡದಾರಕ್ಕ ಕಟ್ಟಿದೆ. ಅವ ಎಲ್ಲಿರ್ತಾನ ಅಲ್ಲಿ ಮನಿ. ಮಲಗಿದಾಗ ಬೀಗದ ಕೈ ಹೊಟ್ಟಿಗೆ ಒತ್ತಿ ಗುರುತು ಮೂಡ್ತಿತ್ತು. ಜ್ವಾಳ ಇತ್ತು, ಬೀಸಿಕೊಂಡು ಬರಾಕ ಗಿರಣಿಗೆ ಎಂಟಾಣೆ ಇರ್ಲಿಲ್ಲ, ನುಚ್ಚು ಮಾಡಿ ಉಂಡ್ವಿ. ರಾತ್ರಿ ಬಾಗಿಲಿಗೆ ಒಳಗಿಂದ ಒಳ್ಳು ಆನಿಸಿ ಇಡ್ತಿದ್ವಿ. ಮೂವರೂ ನೂಕಿದ್ರಷ್ಟೇ ಅದು ಸರೀತಿತ್ತು.

ಮೇಷ್ಟ್ರ, ನಿಮ್ಮ 14 ಹುಡುಗ್ರಾಗ ಗುಳೆ ಮನಿಯವರು ಎಷ್ಟು ಮಂದಿ ಅದಾರ, ಕೇಳೀರೇನು? ಇದ್ರ ಅವರಿಗೆ ಕತಿ ಬರಿಯಾಕ ಕೊಡ್ರಿ.

ಓಟಿಟಿ ಹುಡುಗ:
ಅಕ್ಕಾ, ಬೇಜಾರಾಯ್ತು ಕೇಳಿ. ಆದರೆ ಇದು ಎಂಟರ್ಟೇನ್‌ಮೆಂಟ್, ಗೋಳಾಟ ಹಾಕಿದ್ರೆ ಮೊದಲ ಮೂವತ್ತು ಸೆಕೆಂಡಲ್ಲೇ ಸ್ಕಿಪ್ ಮಾಡ್ತಾರೆ. ಇನ್ನೊಂದು, ನಿಮ್ಮ ಭಾಷೇಲಿ ಮಾಡಿದ್ರೆ ಬೆಂಗಳೂರು ಮೈಸೂರಿನವರಿಗೆ ಅರ್ಥ ಆಗಲ್ಲ. ನಾನು 2021ರಲ್ಲಿ ಎರಡು ಕಂತು ಬಿಟ್ಟೆ, ಒಂದು ರಾಯಚೂರು ಭಾಷೆ, ಒಂದು ನಾರ್ಮಲ್ ಕನ್ನಡ. ಮೊದಲನೇದಕ್ಕೆ 312 ವ್ಯೂಸ್, ಅದರಲ್ಲಿ ನಮ್ಮ ಅತ್ತೆದೇ ನಲವತ್ತಿರಬೇಕು.

ಬೀಗದಕೈ (ಲಿಂಗಸುಗೂರು ತಾಲೂಕು):
ಗೋಳಾಟ ಯಾರು ಹಾಕಿದ್ರು? ಕೇಳಿದ್ದಕ್ಕ ಹೇಳೀನಿ. ಮತ್ತ ನಾರ್ಮಲ್ ಕನ್ನಡ ಅಂದ್ರ ಯಾವುದಪ್ಪಾ? ನಾವು ಮಾತಾಡೂದು ಜ್ವರ ಬಂದ ಕನ್ನಡೇನು?

ಗಂಗಾವತಿ ಅಕ್ಕ:
ಹಾಂ, ಹಂಗ ಕೇಳ್ರಿ ತಂಗಿ! ನಾರ್ಮಲ್ ಕನ್ನಡದ ಕಂತಿಗೆ ಎಷ್ಟು ಬಂತು ಅಂತ ಹೇಳಲೇ ಇಲ್ಲ ಇವ.

ಓಟಿಟಿ ಹುಡುಗ:
290. ಆದರೆ ಥಂಬ್‌ನೇಲ್ ಸರಿ ಇರಲಿಲ್ಲ. ಅದು ಬಿಡಿ, ದುಡ್ಡಿದ್ದೋರದೇ ನಡೆಯಲ್ಲ. ನೆಟ್‌ಫ್ಲಿಕ್ಸ್‌ನ 'ದಿ ಸೊಸೈಟಿ' ನೋಡಿ, ಅದೂ ಇದೇ ಥರದ ಕಥೆ, ದೊಡ್ಡೋರು ಮಾಯ. 2019ರಲ್ಲಿ ಹತ್ತು ಕಂತು ಬಂತು, ಎರಡನೇ ಸೀಸನ್ ಮಾಡ್ತೀವಿ ಅಂತ ಹೇಳಿ 2020ರಲ್ಲಿ ಕೊರೋನಾ ಅಂತ ಕೈಬಿಟ್ಟರು. ಕಥೆ ನಡುನೀರಲ್ಲಿ. ನನ್ನದೂ ಹಾಗೇ ನಿಂತಿದ್ದು.

ಕೋಟೆಗುಡ್ಡ (ಬಳ್ಳಾರಿ):
ಅವರದು ಕೊರೋನಾಗೆ ನಿಂತಿದ್ದು, ನಿಮ್ಮದು ಅತ್ತೆ ಸುಸ್ತಾಗಿ ನಿಂತಿದ್ದು.

ಓಟಿಟಿ ಹುಡುಗ:
ಒಂದೂವರೆ ಲಕ್ಷ ಕಳಕೊಂಡು ಮಕ್ಕಳಿಗೆ ಡ್ರಿಪ್ ಹಾಕಿಸಿದವರು ನನಗೆ ಹೇಳೋದು ಬೇಡ.

ಕೋಟೆಗುಡ್ಡ (ಬಳ್ಳಾರಿ):
1,87,400. ಸರಿಯಾಗಿ ಹೇಳು. ಮತ್ತೆ ಬಹುವಚನದಲ್ಲಿ ಮಾತಾಡು, ನಿಮ್ಮಪ್ಪನ ವಯಸ್ಸು ನಂದು.

ಟಿಬಿ ಡ್ಯಾಮ್:
ಮೊದಲು ನೀವು ಮಾತಾಡ್ರಿ ಬಹುವಚನದಾಗ.

ಪಾಲಕ, ರಾಯಚೂರು:
ಧ್ವನಿ ಬಗ್ಗೆ ಯಾರೂ ಹೇಳಲಿಲ್ಲ. ಆ ಕಿರುಚಿತ್ರಕ್ಕೆ ನನ್ನ ಮಗ ಡಬ್ ಮಾಡಿದ್ದು ನಮ್ಮ ಮನೆಯ ಗೋದ್ರೇಜ್ ಬೀರುವಿನ ಬಾಗಿಲು ತೆರೆದು, ಸೀರೆಗಳ ನಡುವೆ ತಲೆ ಇಟ್ಟು, ಮೇಲೆ ಕಂಬಳಿ ಹೊದ್ದುಕೊಂಡು. ಏಪ್ರಿಲ್ ತಿಂಗಳು. ಫ್ಯಾನ್ ಆಫ್, ಕೂಲರ್ ಆಫ್. ಎರಡು ವಾಕ್ಯಕ್ಕೊಮ್ಮೆ ಹೊರಗೆ ಬಂದು ಮುಖ ತೊಳೆಯೋದು. ಅವನ ಅಮ್ಮನ ರೇಷ್ಮೆ ಸೀರೆಗೆ ಬೆವರಿನ ಕಲೆ ಇನ್ನೂ ಇದೆ. ಡ್ರೈ ವಾಷಿಗೆ 450 ಕೊಟ್ಟೆ, ಹೋಗಲಿಲ್ಲ. ಅದು ಮದುವೆ ಸೀರೆ, ಆ ವಿಷಯ ಇನ್ನು ಮುಂದುವರಿಸುವುದಿಲ್ಲ.

ಸಿಂಧನೂರ ಮೇಷ್ಟ್ರು:
ಎಲ್ಲರಿಗೂ ಧನ್ಯವಾದ್ರಿ. ಮೇನೋ ದಸರಾನೋ ಅನ್ನೋದಕ್ಕ ಇನ್ನೂ ಉತ್ತರ ಸಿಕ್ಕಿಲ್ಲ. ಲಿಂಗಸುಗೂರಿನ ಅಕ್ಕಾರು ಕೇಳಿದ್ರಲ್ಲ, ಇವತ್ತು ಹುಡುಗ್ರಿಗೆ ಕೇಳಿದೆ. ಐದು ಮಂದಿ ಕೈ ಎತ್ತಿದ್ರು. ಒಬ್ಬ ಎತ್ತಿ ಮತ್ತ ಇಳಿಸಿದ.

ಬೀಗದಕೈ (ಲಿಂಗಸುಗೂರು ತಾಲೂಕು):
ಆ ಇಳಿಸಿದವನ ಹತ್ರ ಕೂಡ್ರಿ. ದಸರಾದಾಗ ಮಾಡ್ರಿ ಸರ್. ಬ್ಯಾಸಿಗ್ಯಾಗ ಅವರ ಅಪ್ಪ ಅವ್ವ ಊರಾಗಿರಲ್ಲ, ಹುಡುಗ್ರನ್ನೂ ಕರಕೊಂಡು ಹೋಗಿರ್ತಾರ.

ಗಂಗಾವತಿ ಅಕ್ಕ:
ದಸರಾದಾಗ ಭತ್ತ ಗದ್ದ್ಯಾಗ ಇರ್ತಾವ, ಗೋದಾಮು ಖಾಲಿ ಸಿಗ್ತಾವ. ಆದ್ರ ಹೊಳಿ ಸೀನ್ ಮಾತ್ರ ಬ್ಯಾಡ. ಮಾಡಿದ್ರೂ ಅಡ್ವಾನ್ಸ್ ಕೊಡಬ್ಯಾಡ್ರಿ.

ಟಿಬಿ ಡ್ಯಾಮ್:
ಹೊಳಿ ಸೀನ್ ಬೇಕಂದ್ರ ಹೊಸಪೇಟಿಗೆ ಬರ್ರಿ, ನಮ್ಮ ಡ್ಯಾಮು.

ಕೋಟೆಗುಡ್ಡ (ಬಳ್ಳಾರಿ):
ಇವನದೊಂದು. ಮೇಷ್ಟ್ರೇ, ಆ ಜೀನ್ಸ್ ಮೂಟೆ ಇನ್ನೂ ಒಂದೂವರೆ ಉಳಿದೈತೆ, ಅಟ್ಟದ ಮೇಲೆ. ದುಡ್ಡು ಬೇಡ. ಭಾನುವಾರ ಹನ್ನೊಂದರೊಳಗೆ ಬಂದು ಒಯ್ಯಿರಿ, ಆಗ ಮನೆಯೋರು ಗುಡಿಗೆ ಹೋಗಿರ್ತಾರೆ.